ಕೆಲಸ ಬಿಡಬೇಡಿ, ಕೈಜೆನ್ ಕಡತ ತೆಗೆಯಿರಿ

ಪ್ರಶ್ನೆ: ತೋರಣಗಲ್ಲು ಕಡೆಯ ಒಂದು ಉಕ್ಕಿನ ಕಾರ್ಖಾನೆಯ ಡಿಸ್‌ಪ್ಯಾಚ್ ವಿಭಾಗದಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಆಗಿದ್ದೇನೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು, ಕೆಲಸ ಮಾಡುತ್ತಲೇ ಎಂಬಿಎ ಮುಗಿಸಿದೆ. ವಯಸ್ಸು 36. ಮುಂದೆ ಒಂದಿಷ್ಟು ಪಾಠ, ಒಂದಿಷ್ಟು ಸಂಶೋಧನೆ, ಕಾರ್ಖಾನೆಗಳಿಗೆ ಒಂದಿಷ್ಟು ಸಲಹೆ ಹೀಗೆ ಬದುಕಬೇಕೆಂಬ ಆಸೆ. ಗೈಡ್ ಆಗಲು ಒಪ್ಪಿದ ಪ್ರಾಧ್ಯಾಪಕರು ‘ಬಳ್ಳಾರಿ ಜಿಲ್ಲೆಯ ಉಕ್ಕು ಕಾರ್ಮಿಕರ ಉದ್ಯೋಗ ತೃಪ್ತಿ’ ಎಂಬ ವಿಷಯ ತಗೊಳ್ಳಿ, 300 ಪ್ರಶ್ನಾವಳಿ ತುಂಬಿಸಿದರೆ ಮುಗೀತು ಅನ್ನುತ್ತಾರೆ. ಕಾರ್ಖಾನೆಯಲ್ಲಿ ಮೇಲಿನವರು ‘ಥಿಯರಿಯಿಂದ ಟನ್ನೇಜ್ ಬರಲ್ಲಪ್ಪ’ ಎಂದು ನಗುತ್ತಾರೆ. ಅವರನ್ನೂ ದೂರುವಂತಿಲ್ಲ. ಇಲ್ಲಿ ವರ್ಷಾವರ್ಷ ಕೈಜೆನ್ (ಕೆಲಸದ ರೀತಿಯಲ್ಲಿ ಸಣ್ಣ ಸಣ್ಣ ಸುಧಾರಣೆ) ಸ್ಪರ್ಧೆ ಜೋರಾಗಿ ನಡೆಯುತ್ತದೆ, ಬಹುಮಾನ ಗೆದ್ದ ಸುಧಾರಣೆ ಮುಂದಿನ ವರ್ಷ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿರುವುದಿಲ್ಲ. ರಾಜೀನಾಮೆ ಕೊಟ್ಟು ಪೂರ್ಣಾವಧಿ ಪಿಎಚ್‌.ಡಿಗೆ ಸೇರಲೇ? ಮನೆ ಸಾಲ ಇದೆ. ಪತ್ನಿ ಬಳ್ಳಾರಿಯಲ್ಲಿ ಶಿಕ್ಷಕಿ. ಪಿಎಚ್‌.ಡಿ ಆದರೆ ಸಂಬಳ ಹೆಚ್ಚುತ್ತದೆಯೇ ಎಂಬುದು ಅವಳ ಪ್ರಶ್ನೆ.
ಹೆಸರು ಬೇಡ, ಕುರೇಕುಪ್ಪ

ಉತ್ತರ: ರಾಜೀನಾಮೆ ಕೊಡಬೇಡಿ. ಉಳಿದ ಮಾತು ಆಮೇಲೆ.

ನಿಮ್ಮ ಪತ್ರದಲ್ಲಿ ನೀವೇ ಗಮನಿಸದೆ ದಾಟಿಹೋದ ಒಂದು ಸಾಲಿದೆ. ಬಹುಮಾನ ಗೆದ್ದ ಕೈಜೆನ್ ಮುಂದಿನ ವರ್ಷ ಎಲ್ಲಿ ಹೋಯಿತೋ ಎಂದಿದ್ದೀರಿ. ಬೇಸರದಲ್ಲಿ ಬರೆದಿದ್ದೀರಿ, ನಿಜ. ಆದರೆ ಪಿಎಚ್‌.ಡಿ ವಿಷಯ ಅದೇ. ಉದ್ಯೋಗ ತೃಪ್ತಿಯನ್ನು ಅಲ್ಲಿಗೇ ಬಿಟ್ಟು ಇದನ್ನು ಹಿಡಿಯಿರಿ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಾಳೆ ನಿಮ್ಮ ಗೈಡ್‌ಗೂ ಪ್ಲಾಂಟ್ ಹೆಡ್‌ಗೂ ಇದನ್ನೇ ನೀವು ಹೇಳಬೇಕಾಗುತ್ತದೆ.

ಮುಂಬೈ ಸುತ್ತಲಿನ ನೇಯ್ಗೆ ಕಾರ್ಖಾನೆಗಳಲ್ಲಿ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಒಂದು ಪ್ರಯೋಗ ನಡೆಸಿದರು. 17 ಸಂಸ್ಥೆಗಳು, 28 ಕಾರ್ಖಾನೆಗಳು. ಕೆಲವಕ್ಕೆ ಅಂತರರಾಷ್ಟ್ರೀಯ ಸಲಹಾ ಸಂಸ್ಥೆಯ ತಜ್ಞರನ್ನು ಐದು ತಿಂಗಳು ಪುಕ್ಕಟೆ ಕಳಿಸಿದರು. ಉಳಿದವಕ್ಕೆ ಒಂದು ತಿಂಗಳ ತಪಾಸಣೆ ಅಷ್ಟೆ. ತಜ್ಞರು ಹೇಳಿಕೊಟ್ಟದ್ದರಲ್ಲಿ ನಿಮಗೆ ಹೊಸತು ಅನ್ನಿಸುವಂಥದ್ದು ಏನೂ ಇರಲಿಲ್ಲ: ನೂಲಿನ ದಾಸ್ತಾನು ಬರೆದಿಡಿ, ಮಗ್ಗ ನಿಂತರೆ ಯಾಕೆ ನಿಂತಿತೆಂದು ಬರೆಯಿರಿ, ಬಟ್ಟೆಯ ದೋಷವನ್ನು ದಿನವೂ ಎಣಿಸಿ. ಇಂಥ 38 ಅಭ್ಯಾಸಗಳು. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ 17ರಷ್ಟು ಏರಿತು. 2013ರಲ್ಲಿ ಇದು ಪ್ರಕಟವಾಯಿತು. ಎಲ್ಲರೂ ಎತ್ತಿ ಹೇಳುವುದು ಈ ಅಂಕಿಯನ್ನೇ.

ನಿಮಗೆ ಬೇಕಾದದ್ದು ಮುಂದಿನ ಭಾಗ. ಒಂಬತ್ತು ವರ್ಷಗಳ ನಂತರ ಅವರು ಅದೇ ಕಾರ್ಖಾನೆಗಳಿಗೆ ಮತ್ತೆ ಹೋದರು. ರೂಢಿಗೆ ಬಂದಿದ್ದ ಅಭ್ಯಾಸಗಳಲ್ಲಿ ಹತ್ತಿರಹತ್ತಿರ ಅರ್ಧ ಬಿಟ್ಟುಹೋಗಿದ್ದವು. ಆದರೂ ತರಬೇತಿ ಸಿಗದ ಕಾರ್ಖಾನೆಗಳಿಗಿಂತ ಇವು ಸಾಕಷ್ಟು ಮುಂದೆಯೇ ಇದ್ದವು, ಅದನ್ನೂ ಹೇಳಬೇಕು. ಬಿಟ್ಟದ್ದು ಯಾಕೆ ಎಂದು ಕೇಳಿದರೆ ಹೆಚ್ಚು ಬಂದ ಉತ್ತರಗಳು ಎರಡು: ಮ್ಯಾನೇಜರ್ ಬದಲಾದ, ಮೇಲೆ ಕೂತ ನಿರ್ದೇಶಕರಿಗೆ ಪುರುಸೊತ್ತಿಲ್ಲ. ನಿಮ್ಮ ಪ್ಲಾಂಟಿನಲ್ಲಿ ಕೇಳಿದರೂ ಇದೇ ಉತ್ತರ ಬರಬಹುದು. ಬರದೆಯೂ ಇರಬಹುದು. ಕುತೂಹಲ ಇರುವುದು ಅಲ್ಲೇ.

ಇದಕ್ಕೂ ಹಳೆಯದೊಂದಿದೆ. ಲಂಡನ್ನಿನ ತವಿಸ್ಟಾಕ್ ಎಂಬ ಸಂಶೋಧನಾ ಸಂಸ್ಥೆಯ ಎ.ಕೆ. ರೈಸ್ 1953ರಲ್ಲಿ ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿಗೆ ಬಂದರು. ಸ್ವಯಂಚಾಲಿತ ಮಗ್ಗಗಳು ಬಂದಿದ್ದವು, ಉತ್ಪಾದನೆ ಮಾತ್ರ ನಿರೀಕ್ಷೆಯಂತೆ ಏರಿರಲಿಲ್ಲ. ಒಬ್ಬೊಬ್ಬನಿಗೆ ಒಂದೊಂದು ತುಂಡು ಕೆಲಸ ಹಂಚುವ ಬದಲು ಒಂದು ಗುಂಪಿಗೆ ಒಂದಷ್ಟು ಮಗ್ಗಗಳ ಪೂರ್ತಿ ಹೊಣೆ ಕೊಟ್ಟು ನೋಡೋಣ ಎಂದರು. ಕಾರ್ಮಿಕರೇ ಮುಂದೆ ಬಂದು ಗುಂಪು ಕಟ್ಟಿಕೊಂಡರು, ಫಲಿತಾಂಶ ಸುಧಾರಿಸಿತು. ಮುಂದೆ ಅದೇ ಸಂಸ್ಥೆಯ ಎರಿಕ್ ಮಿಲ್ಲರ್ 1970ರವರೆಗಿನ ಕಥೆಯನ್ನು ಹಿಂಬಾಲಿಸಿ 1975ರಲ್ಲಿ ಬರೆದರು. ಒಂದು ಕಡೆ ಗುಂಪು ಪದ್ಧತಿ ಹೆಚ್ಚುಕಡಿಮೆ ಹಾಗೇ ಉಳಿದಿತ್ತು, ಬೇರೆ ಕಡೆಗಳಲ್ಲಿ ಹಳೆಯ ರೀತಿಗೆ ಜಾರಿತ್ತು. ಮಿಲ್ಲು ಒಂದೇ, ಮಾಲೀಕರೂ ಅವರೇ. ಮತ್ತೆ ಈ ವ್ಯತ್ಯಾಸ ಎಲ್ಲಿಂದ?

ಎರಡೂ ಕಡೆ ಸಂಶೋಧಕರು ಬಂದರು, ಹೋದರು, ವರ್ಷಗಳಾದ ಮೇಲೆ ಮರಳಿ ಬಂದು ಕೇಳಿದರು. ನಡುವೆ ಯಾವ ತಿಂಗಳು, ಯಾವ ಪಾಳಿಯಲ್ಲಿ, ಯಾರು ವರ್ಗವಾದ ಮೇಲೆ ಆ ಅಭ್ಯಾಸ ಸಡಿಲವಾಯಿತು? ಅಲ್ಲೇ ಇದ್ದವರು ಮಾತ್ರ ನೋಡಬಲ್ಲ ಸಂಗತಿ ಅದು. ನೀವು ಅಲ್ಲೇ ಇದ್ದೀರಿ. ದೊಡ್ಡ ಸಂಸ್ಥೆಯ ಪ್ರಾಧ್ಯಾಪಕನಿಗೆ ಗ್ರಂಥಾಲಯ, ಅನುದಾನ, ಹೆಸರು ಎಲ್ಲ ಇರುತ್ತವೆ. ನಿಮ್ಮ ಗೇಟ್ ಪಾಸ್ ಇರುವುದಿಲ್ಲ. ರಾಜೀನಾಮೆ ಪತ್ರದ ಜೊತೆ ನೀವು ಒಪ್ಪಿಸಬೇಕಾದ ಮೊದಲ ವಸ್ತು ಆ ಪಾಸೇ ಎನ್ನುವುದನ್ನು ನೆನಪಿಡಿ.

ಒಳಗಿನವನು ಸಂಶೋಧನೆ ಮಾಡಿದರೆ ಪಕ್ಷಪಾತ ಎಂದು ಯಾರಾದರೂ ಆಕ್ಷೇಪ ಎತ್ತಿದರೆ ಕೆನ್ ಬ್ಯಾಮ್‌ಫೋರ್ತ್ ಹೆಸರು ಹೇಳಿ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಯಂತ್ರ ಬಂದ ಮೇಲೂ ಉತ್ಪಾದನೆ ಯಾಕೆ ಏರಲಿಲ್ಲ, ಗೈರುಹಾಜರಿ ಯಾಕೆ ಹೆಚ್ಚಿತು ಎಂದು ಎರಿಕ್ ಟ್ರಿಸ್ಟ್ ಮತ್ತು ಬ್ಯಾಮ್‌ಫೋರ್ತ್ 1951ರಲ್ಲಿ ಬರೆದ ಲೇಖನ ಇಂದಿಗೂ ಪಾಠದಲ್ಲಿದೆ. ಟ್ರಿಸ್ಟ್ ಮನಶ್ಶಾಸ್ತ್ರ ಓದಿದವರು. ಬ್ಯಾಮ್‌ಫೋರ್ತ್ 18 ವರ್ಷ ಗಣಿಯೊಳಗೆ ಕಲ್ಲಿದ್ದಲು ಕಡಿದವರು. ಹಿಂದೆ ಒಟ್ಟಿಗೆ ಕೆಲಸ ಮಾಡುತ್ತಿದ್ದ ಸಣ್ಣ ಗುಂಪನ್ನು ಹೊಸ ಯಂತ್ರ ಪದ್ಧತಿ ಪಾಳಿ ಪಾಳಿಯಾಗಿ ಒಡೆದಿತ್ತು. ಒಂದು ಪಾಳಿಯವರು ಅರ್ಧಂಬರ್ಧ ಬಿಟ್ಟದ್ದರ ಪೆಟ್ಟು ಮುಂದಿನ ಪಾಳಿಗೆ ಬೀಳುತ್ತಿತ್ತು. ಆ ಕತ್ತಲೆಯಲ್ಲಿ ಕೆಲಸ ಮಾಡಿದವನಿಗೆ ಇದು ಮೊದಲೇ ಗೊತ್ತಿತ್ತು, ಅದನ್ನು ವಾದವಾಗಿ ಕಟ್ಟಲು ಟ್ರಿಸ್ಟ್ ಬೇಕಾಯಿತು. ಸಂಡೂರಿನ ಗಣಿ ಸೀಮೆಯಲ್ಲಿ ಕೂತು ಈ ಲೇಖನ ಓದುವ ಸುಖವೇ ಬೇರೆ, ಒಮ್ಮೆ ಓದಿ. 36ಕ್ಕೆ ತಡವಾಯಿತೇ ಎಂಬ ಅಳುಕೂ ನಿಮ್ಮ ಪತ್ರದಲ್ಲಿ ಕಂಡಿತು. ಮ್ಯಾನೇಜ್‌ಮೆಂಟ್ ಪಠ್ಯದ ಮೊದಲ ಅಧ್ಯಾಯದಲ್ಲೇ ಬರುವ ಹೆನ್ರಿ ಫಯೋಲ್ ಗಣಿ ಎಂಜಿನಿಯರ್. ದಶಕಗಳ ಕಾಲ ಕಂಪನಿ ನಡೆಸಿ, 1916ರಲ್ಲಿ ತಮ್ಮ ತತ್ವಗಳನ್ನು ಪ್ರಕಟಿಸಿದಾಗ ಎಪ್ಪತ್ತು ದಾಟಿದ್ದರು.

ಈಗ ಕೆಲಸಕ್ಕೆ ಬರೋಣ. ಕಳೆದ ಆರೇಳು ವರ್ಷಗಳ ಕೈಜೆನ್ ಕಡತ ತೆಗೆಸಿ. ಗೆದ್ದವು ಮಾತ್ರ ಸಾಲದು, ಸ್ಪರ್ಧೆಗೆ ಬಂದವೆಲ್ಲ ಬೇಕು. ಗೆದ್ದವನ್ನಷ್ಟೇ ಎಣಿಸಿದರೆ ಬಹುಮಾನದಿಂದ ಸುಧಾರಣೆ ಉಳಿಯಿತೋ, ಉಳಿಯುವಂಥದ್ದಕ್ಕೇ ಬಹುಮಾನ ಬಂತೋ ಎಂದು ಹೇಳಲಾಗುವುದಿಲ್ಲ. ನೂರಿನ್ನೂರು ಸಿಕ್ಕರೆ ಚೆನ್ನ. ಒಂದೊಂದರ ಮುಂದೆ ನಾಲ್ಕು ವಿಷಯ ಬರೆಯಿರಿ: ಯಾವಾಗ ಶುರುವಾಯಿತು, ಈಗ ಜೀವಂತ ಇದೆಯೇ, ಇಲ್ಲದಿದ್ದರೆ ಸುಮಾರು ಯಾವಾಗ ನಿಂತಿತು, ಆ ಹೊತ್ತಿಗೆ ಅಲ್ಲಿ ಏನು ಬದಲಾಯಿತು.

‘ಜೀವಂತ’ ಎನ್ನುವುದನ್ನು ಮೊದಲೇ ಬಿಗಿಯಾಗಿ ಹೇಳಿಕೊಳ್ಳಿ. ಗೋಡೆಯ ಮೇಲೆ ಬೋರ್ಡ್ ಇದ್ದರೆ ಲೆಕ್ಕಕ್ಕಿಲ್ಲ. ಯಾರ್ಡಿನಲ್ಲಿ ಕಾಯಿಲ್ (ಉಕ್ಕಿನ ಹಾಳೆಯ ಸುರುಳಿ) ಹುಡುಕುವ ಸಮಯ ಉಳಿಸಲು ಬಣ್ಣದ ಗುರುತು ಹಾಕುವ ಸುಧಾರಣೆ ಇತ್ತು ಅಂದುಕೊಳ್ಳಿ. ಇವತ್ತು ಬಂದ ಕಾಯಿಲ್‌ಗೆ ಗುರುತು ಬಿದ್ದಿದೆಯೇ? ರಾತ್ರಿ ಪಾಳಿಯಲ್ಲೂ ಬಿದ್ದಿದೆಯೇ? ಕಣ್ಣಾರೆ ನೋಡಿಯೇ ಬರೆಯಬೇಕು. ಅಧಿಕಾರಿಯಾಗಿ ನೀವು ಕೇಳಿದರೆ ‘ನಡ್ದೈತ್ರಿ ಸಾರ್’ ಎಂಬ ಉತ್ತರ ಬಿಟ್ಟು ಬೇರೆ ಬರುವುದಿಲ್ಲ, ನಿಮಗೂ ಗೊತ್ತು. ಗುತ್ತಿಗೆ ಕಾರ್ಮಿಕರ ಸಂದರ್ಶನ ಬೇಕಾದಾಗ ನೀವು ಕೂರಬೇಡಿ. ಕಾರ್ಖಾನೆಗೆ ಸಂಬಂಧವಿಲ್ಲದ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ ಮಾಡಲಿ, ಹೆಸರು ಬರೆಯದಿರಲಿ, ಮಾತು ಕ್ಯಾಂಟೀನಿನ ಆಚೆ ನಡೆಯಲಿ.

ಇನ್ನು ಲೆಕ್ಕ. ಇಂಥ ದತ್ತಾಂಶಕ್ಕೆ ವೈದ್ಯಕೀಯದವರು ಬಳಸುವ ಉಳಿವಿನ ವಿಶ್ಲೇಷಣೆ ಹೇಳಿ ಮಾಡಿಸಿದ್ದು. ಚಿಕಿತ್ಸೆಯ ನಂತರ ರೋಗಿಗಳು ಎಷ್ಟು ಕಾಲ ಬದುಕಿದರು ಎಂದು ಲೆಕ್ಕ ಹಾಕುವ ವಿಧಾನ ಅದು. ಕಪ್ಲಾನ್ ಮತ್ತು ಮೈಯರ್ 1958ರಲ್ಲಿ ಕೊಟ್ಟ ಸೂತ್ರದ ಜಾಣತನ ಎಲ್ಲಿದೆ ಎಂದರೆ, ಅಧ್ಯಯನ ಮುಗಿಯುವಾಗಲೂ ಬದುಕಿರುವವರನ್ನು ಅದು ಎಸೆಯುವುದಿಲ್ಲ, ‘ಇಷ್ಟು ಕಾಲವಂತೂ ಉಳಿದಿದ್ದಾರೆ’ ಎಂದು ಲೆಕ್ಕಕ್ಕೆ ಸೇರಿಸುತ್ತದೆ. ನಿಮ್ಮ ಕೈಜೆನ್‌ಗಳಿಗೂ ಅದೇ. ಎಷ್ಟು ಕೈಜೆನ್ ಇನ್ನೂ ಉಳಿದಿವೆ ಎಂದು ತೋರಿಸುವ ರೇಖೆ ಶಿಫ್ಟ್ ಇನ್‌ಚಾರ್ಜ್ ವರ್ಗವಾದಲ್ಲಿ ಹೇಗೆ ಇಳಿಯುತ್ತದೆ, ಅವನು ಉಳಿದಲ್ಲಿ ಹೇಗೆ? ಸುಧಾರಣೆಯ ಅಂಕಿ ದಿನದ ವರದಿಯಲ್ಲಿ ಸೇರಿದ್ದರೆ ಹೆಚ್ಚು ಕಾಲ ಬಾಳಿತೇ? ಶ್ರಮ ಉಳಿದದ್ದು ಕೆಲಸಗಾರನಿಗೋ, ಖರ್ಚು ಉಳಿದದ್ದು ಕಂಪನಿಗೋ ಎಂಬುದರ ಮೇಲೆ ಆಯುಷ್ಯ ಬದಲಾಗುತ್ತದೆಯೇ? ನನ್ನ ಊಹೆ ಕೊನೆಯದರ ಮೇಲೆ ಹೆಚ್ಚು. ಕೆಲಸಗಾರನ ಬೆನ್ನುನೋವು ಕಡಿಮೆ ಮಾಡಿದ್ದು ಯಾರೂ ಹೇಳದೆಯೂ ಉಳಿಯುತ್ತದೆ, ಅವನಿಗೆ ಇನ್ನೊಂದು ರಿಜಿಸ್ಟರ್ ತುಂಬುವ ಹೊರೆ ತಂದದ್ದು ಆಡಿಟ್ ಮುಗಿದ ಮರುದಿನ ನಿಲ್ಲುತ್ತದೆ. ಆದರೆ ಊಹೆ ಊಹೆಯೇ, ನೀವು ಎಣಿಸಿ ತೋರಿಸಬೇಕು.

ಇಷ್ಟು ಓದಿದ ಮೇಲೆ 300 ಪ್ರಶ್ನಾವಳಿಯ ಬಗ್ಗೆ ನನ್ನ ಅಭಿಪ್ರಾಯ ಬೇರೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ. ರೆನ್ಸಿಸ್ ಲೈಕರ್ಟ್ 1932ರಲ್ಲಿ ಕೊಟ್ಟ ಐದು ಹಂತದ ಅಳತೆಗೋಲಿನದ್ದು ಏನೂ ತಪ್ಪಿಲ್ಲ. ಸೂಪರ್‌ವೈಸರ್ ಎದುರು ನಿಂತಿರುವಾಗ ಊಟದ ವಿರಾಮದಲ್ಲಿ ಹಂಚಿದ ಕಾಗದದಲ್ಲಿ ಎಲ್ಲರೂ ‘ಒಪ್ಪುತ್ತೇನೆ’ಗೆ ಗುರುತು ಹಾಕುತ್ತಾರೆ. ತೃಪ್ತಿಯನ್ನೂ ನಿಷ್ಠೆಯನ್ನೂ ಒಬ್ಬನೇ ವ್ಯಕ್ತಿ ಒಂದೇ ಕೂತಲ್ಲಿ ಹೇಳಿದರೆ ಅವೆರಡರ ನಡುವೆ ಸಂಬಂಧ ಕಾಣದೆ ಇರುತ್ತದೆಯೇ? ಇಂಥ ಪ್ರಬಂಧಗಳು ನಮ್ಮ ಕಡೆಯ ಗ್ರಂಥಾಲಯಗಳ ಕಪಾಟಿನಲ್ಲಿ ಸಾಲುಸಾಲಾಗಿವೆ, ಜಿಲ್ಲೆಯ ಹೆಸರೊಂದು ಬದಲಾಗಿರುತ್ತದೆ. ಪದವಿ ಬರುತ್ತದೆ. ಆದರೆ ನೀವು ಬಯಸುವ ಬದುಕಿಗೆ ಅದು ಮೂರು ಕಾಸಿನ ಸಹಾಯ ಮಾಡುವುದಿಲ್ಲ. ಯಾವ ಪ್ಲಾಂಟ್ ಹೆಡ್ ಕೂಡ ಅದನ್ನು ಓದಿ ನಿಮ್ಮನ್ನು ಕರೆಯುವುದಿಲ್ಲ.

ಹಾಗೆಂದು ಗೈಡ್ ಜೊತೆ ವಾದಕ್ಕಿಳಿಯಬೇಡಿ. ಅವರ ಸಲಹೆಯ ಹಿಂದೆ ಸೋಮಾರಿತನಕ್ಕಿಂತ ಭಯ ಇರುವ ಸಾಧ್ಯತೆ ಹೆಚ್ಚು. ಕಂಪನಿ ಮೊದಲು ಹೂಂ ಎಂದು, ಎರಡನೇ ವರ್ಷ ದತ್ತಾಂಶ ಕೊಡುವುದಿಲ್ಲ ಎಂದರೆ ವಿದ್ಯಾರ್ಥಿಯೂ ಗೈಡೂ ನಡುನೀರಿನಲ್ಲಿ. ಹೀಗೆ ಸಿಕ್ಕಿಕೊಂಡವರನ್ನು ಅವರು ಕಂಡಿರುತ್ತಾರೆ. ಆದ್ದರಿಂದ ಬರಿಗೈಯಲ್ಲಿ ಹೋಗಬೇಡಿ. ಮೊದಲು ಇಪ್ಪತ್ತು ಕೈಜೆನ್‌ಗಳ ಸಣ್ಣ ಪಟ್ಟಿ ನೀವೇ ಮಾಡಿ, ಕಂಪನಿಯ ಲಿಖಿತ ಅನುಮತಿ ಪಡೆದು, ಅವೆರಡನ್ನೂ ಮೇಜಿನ ಮೇಲಿಟ್ಟು ಮಾತಾಡಿ. ‘ಸರ್, ನೀವು ಹೇಳಿದ ವಿಷಯದ್ದೇ ಮುಂದುವರಿಕೆ’ ಎಂದರೂ ಸುಳ್ಳೇನಲ್ಲ.

ಅನುಮತಿ ಪತ್ರ ಎಚ್‌ಆರ್‌ನಿಂದ ಬಂದರೆ ಸಾಲದು, ಪ್ಲಾಂಟ್ ಮಟ್ಟದಲ್ಲಿ ಸಹಿಯಾಗಬೇಕು. ಕಂಪನಿಯ ಹೆಸರು ಬರುವುದಿಲ್ಲ, ಟನ್ನೇಜ್ ಮತ್ತು ದರ ಬರುವುದಿಲ್ಲ, ಪ್ರಕಟಣೆಗೆ ಮುಂಚೆ ಗೌಪ್ಯ ಮಾಹಿತಿ ಇದೆಯೇ ಎಂದು ಅವರು 30 ದಿನದೊಳಗೆ ನೋಡಬಹುದು ಎಂದು ಬರೆದುಕೊಡಿ. ಆದರೆ ತೀರ್ಮಾನ ಬದಲಿಸುವ ಹಕ್ಕು ಅವರಿಗಿಲ್ಲ ಎಂಬುದೂ ಅದೇ ಕಾಗದದಲ್ಲಿರಲಿ. ಆ ಸಾಲು ತೆಗೆಯಿರಿ ಎಂದರೆ ತೆಗೆಯಬೇಡಿ, ಬೇರೆ ವಿಭಾಗವನ್ನೋ ಬೇರೆ ಕಾರ್ಖಾನೆಯನ್ನೋ ನೋಡಿ.

‘ಥಿಯರಿಯಿಂದ ಟನ್ನೇಜ್ ಬರಲ್ಲ’ ಎನ್ನುವವರಿಗೆ ಉಪನ್ಯಾಸ ಕೊಡಬೇಡಿ. ನಿಮ್ಮ ಗೇಟಿನ ಟ್ರಕ್ಕುಗಳನ್ನೇ ತೋರಿಸಿ. ಒಳಗೆ ಸರಾಸರಿ 60 ಟ್ರಕ್ ನಿಂತಿವೆ, ಗಂಟೆಗೆ 10 ಲೋಡ್ ಆಗಿ ಹೊರಗೆ ಹೋಗುತ್ತವೆ ಎಂದಿಟ್ಟುಕೊಳ್ಳಿ. ಹಾಗಿದ್ದರೆ ಒಂದು ಟ್ರಕ್ ಸರಾಸರಿ 6 ಗಂಟೆ ಒಳಗಿರುತ್ತದೆ, ಸ್ಟಾಪ್‌ವಾಚ್ ಬೇಡ. ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಇದು, ಮೂರನೇ ತರಗತಿಯ ಭಾಗಾಕಾರ ಸಾಕು. ಲೋಡಿಂಗ್ ಬೇ ಖಾಲಿ ಕೂರಬಾರದೆಂದು ನಿಮ್ಮ ಸೀನಿಯರ್ ಇನ್ನೂ 20 ಟ್ರಕ್ ಒಳಗೆ ಬಿಡಿಸುತ್ತಾರೆ. ಕ್ರೇನ್ ವೇಗ ಬದಲಾಗಿಲ್ಲ, ಗಂಟೆಗೆ ಹೋಗುವುದು ಅದೇ 10. ಕಾಯುವುದು ಮಾತ್ರ 8 ಗಂಟೆ ಆಯಿತು. ಚಾಲಕರ ಗಲಾಟೆ, ಸಾಗಣೆದಾರರ ದೂರು ಎಲ್ಲ ಆ ಎರಡು ಗಂಟೆಯೊಳಗಿನದು. ಇದನ್ನು ಒಂದು ವಾರದ ಗೇಟ್ ರಿಜಿಸ್ಟರ್ ಇಟ್ಟುಕೊಂಡು ಅರ್ಧ ಹಾಳೆಯಲ್ಲಿ ಬರೆದುಕೊಡಿ. ನಗು ನಿಲ್ಲದಿರಬಹುದು, ಅನುಮತಿ ಪತ್ರಕ್ಕೆ ಸಹಿ ಸಲೀಸಾಗುತ್ತದೆ.

ದಾರಿಗಳ ವಿಷಯ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್‌.ಡಿ ನಿಯಮಾವಳಿಯಲ್ಲಿ ಅರೆಕಾಲಿಕ ಪಿಎಚ್‌.ಡಿಗೆ ಸ್ಪಷ್ಟ ಅವಕಾಶವಿದೆ. ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ, ಮೇಲೆ ಮರುನೋಂದಣಿಯಿಂದ 2 ವರ್ಷ. ನಿಮಗೆ ಮಗ್ಗುಲಲ್ಲೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇದೆ, ಅಧಿಸೂಚನೆ ಬಂದಾಗ ಅರ್ಜಿ ಹಾಕಿ. ಹಲವು ಐಐಎಂಗಳೂ ದುಡಿಯುವವರಿಗೆಂದೇ ಡಾಕ್ಟರೇಟ್ ನಡೆಸುತ್ತವೆ. ಮಾರ್ಗದರ್ಶನ ಗಟ್ಟಿ, ಶುಲ್ಕ ಲಕ್ಷಗಳಲ್ಲಿ. ಮನೆ ಸಾಲದ ಮೇಲೆ ಅದನ್ನೂ ಹೇರಿಕೊಳ್ಳಿ ಎಂದು ನಾನು ಹೇಳಲಾರೆ, ಕಂಪನಿ ಭರಿಸಿದರೆ ಮಾತ್ರ ಯೋಚಿಸಿ. ಮೂರನೆಯದು, ಪಿಎಚ್‌.ಡಿಯೇ ಇಲ್ಲದೆ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಆಗುವುದು. ಅದಕ್ಕೂ ಯುಜಿಸಿ 2022ರಲ್ಲೇ ಮಾರ್ಗಸೂಚಿ ತಂದಿತು. ಕನಿಷ್ಠ 15 ವರ್ಷದ ಅನುಭವ ಬೇಕು, ಅದೂ ಹಿರಿಯ ಹುದ್ದೆಯಲ್ಲಿ. ಎಲ್ಲ ಸೇರಿ 4 ವರ್ಷ ಮೀರುವಂತಿಲ್ಲ. ಐವತ್ತರ ಹರೆಯದಲ್ಲಿ ನೋಡುವ ದಾರಿ ಅದು, ಈಗ ಮನಸ್ಸಿನಿಂದ ತೆಗೆದುಬಿಡಿ.

ನಿಮ್ಮ ಮನೆಯವರ ಪ್ರಶ್ನೆ ಪತ್ರದ ಅತ್ಯಂತ ಪ್ರಾಯೋಗಿಕ ಪ್ರಶ್ನೆ. ಕಾರ್ಖಾನೆಯಲ್ಲಿ ಪಿಎಚ್‌.ಡಿಯಿಂದ ಸಂಬಳ ಏರುವುದಿಲ್ಲ, ಅದನ್ನು ನಂಬಿ ಲೆಕ್ಕ ಹಾಕಬೇಡಿ. ಸರ್ಕಾರಿ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಆರಂಭದ ಮೂಲವೇತನ ಯುಜಿಸಿಯ ಏಳನೇ ವೇತನ ಶ್ರೇಣಿಯಲ್ಲಿ 57,700 ರೂಪಾಯಿ. ಆದರೆ ನೇಮಕಾತಿ ಯಾವಾಗ ಎಂದು ಯಾರೂ ಹೇಳಲಾರರು. ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾಯುತ್ತಿರುವವರು ನಿಮ್ಮ ಬೀದಿಯಲ್ಲೇ ಇದ್ದಾರು. 2023ರ ತಿದ್ದುಪಡಿಯ ನಂತರ ಈ ಹುದ್ದೆಗೆ ಪಿಎಚ್‌.ಡಿ ಕಡ್ಡಾಯವಲ್ಲ, ನೆಟ್ (ರಾಷ್ಟ್ರ ಮಟ್ಟದ) ಅಥವಾ ಸೆಟ್ (ರಾಜ್ಯ ಮಟ್ಟದ) ಅರ್ಹತಾ ಪರೀಕ್ಷೆ ಪಾಸಾಗಿರುವುದೇ ಕನಿಷ್ಠ ಅರ್ಹತೆ. ಆದ್ದರಿಂದ ಕರ್ನಾಟಕದ ಸೆಟ್ ಆದ ಕೆ-ಸೆಟ್ ಬರೆದಿಡಿ. ನೀವು ಈ ಭಾಗದವರೇ ಆಗಿದ್ದು, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ಮಾಡಿಸಿರದಿದ್ದರೆ ಮಾಡಿಸಿ, ಈ ಭಾಗದ ಹುದ್ದೆಗಳಿಗೆ ಅದು ನಿಮ್ಮ ಹಕ್ಕು. ಹುದ್ದೆ ಕೈಗೆ ಬಂದ ದಿನ ರಾಜೀನಾಮೆಯ ಮಾತು ಬೇಕಾದರೆ ಮತ್ತೆ ಎತ್ತೋಣ.

ಪಾಠ, ಸಂಶೋಧನೆ, ಸಲಹೆ ಮೂರೂ ಸೇರಿದ ಬದುಕು ನಮ್ಮ ಕಡೆ ಸಾಧ್ಯವೇ? ಸಾಧ್ಯ, ಆದರೆ ಸಲಹೆ ಎಂದು ಹಣ ಕೊಡುವವರು ಕಡಿಮೆ. ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್‌ಮಿಲ್ ಮಾಲೀಕರ ಜೊತೆ ಕೂತು ಮಾತಾಡಿದ ಅನುಭವದಿಂದ ಹೇಳುತ್ತಿದ್ದೇನೆ. ‘ಸ್ಟ್ರ್ಯಾಟಜಿ’ ಎಂದರೆ ಚಹಾ ಕುಡಿಸಿ ಕಳಿಸುತ್ತಾರೆ. ಕ್ವಿಂಟಲ್ ಭತ್ತಕ್ಕೆ ನುಚ್ಚು ಎಷ್ಟು ಬೀಳುತ್ತದೆ, ಸುಗ್ಗಿಯಲ್ಲಿ ಲಾರಿ ಎಷ್ಟು ಹೊತ್ತು ನಿಲ್ಲುತ್ತದೆ, ಕರೆಂಟ್ ಬಿಲ್ ಯಾಕೆ ಏರಿತು ಎಂದರೆ ಗುಮಾಸ್ತನನ್ನು ಕರೆದು ಪುಸ್ತಕ ತೆಗೆಸುತ್ತಾರೆ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲೂ ಹಾಗೇ. ಹೊಲಿಗೆ ಒಂದು ಕಡೆ, ವಾಷಿಂಗ್ ಇನ್ನೊಂದು ಕಡೆ, ನಡುವೆ ಕಟ್ಟು ಕಟ್ಟಾಗಿ ಪ್ಯಾಂಟುಗಳು ಕಾಯುತ್ತಿರುತ್ತವೆ. ನಿಮ್ಮ ಟ್ರಕ್ಕಿನ ಲೆಕ್ಕ ಅಲ್ಲಿಗೂ ನೇರ ಹೊಂದುತ್ತದೆ. ಮ್ಯಾನೇಜ್‌ಮೆಂಟ್ ಸಂಶೋಧನೆ ಇಂಥ ಘಟಕಗಳನ್ನು ನೋಡಿದ್ದು ಬಹಳ ಕಡಿಮೆ. ಕಾರಣ ಸರಳ: ಇಲ್ಲಿ ಲೆಕ್ಕ ಮಾಲೀಕನ ತಲೆಯಲ್ಲಿರುತ್ತದೆ, ಅದನ್ನು ಹೊರತೆಗೆಯಲು ಅವನ ಭಾಷೆ ಬರಬೇಕು, ನಂಬಿಕೆ ಬೇಕು, ಬಿಡುವಿದ್ದಾಗ ಹೋಗಿ ಕೂರಬೇಕು. ಭಾನುವಾರಗಳಲ್ಲಿ ಒಂದೆರಡು ಘಟಕಗಳ ಪರಿಚಯ ಈಗಿನಿಂದಲೇ ಇಟ್ಟುಕೊಳ್ಳಿ. ಪಿಎಚ್‌.ಡಿ ಮುಗಿಯುವ ಹೊತ್ತಿಗೆ ಎರಡನೇ ಅಧ್ಯಯನದ ನೆಲ ಸಿದ್ಧವಾಗಿರುತ್ತದೆ. ಮೊದಮೊದಲು ಫೀಸು ಕೇಳಬೇಡಿ, ಲೆಕ್ಕದ ಪುಸ್ತಕ ಕೇಳಿ.

ಕಡೆಯದಾಗಿ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ. ಅರೆಕಾಲಿಕ ಪಿಎಚ್‌.ಡಿಗೆ ಕಂಪನಿಯಿಂದ ಇದು ಕಡ್ಡಾಯ. ಅದರಲ್ಲಿ ಮೂರು ಮಾತು ಇರಬೇಕೆಂದು ನಿಯಮಾವಳಿ ಹೇಳುತ್ತದೆ: ನಿಮಗೆ ಅರೆಕಾಲಿಕ ಅಧ್ಯಯನಕ್ಕೆ ಅನುಮತಿ ಇದೆ, ನಿಮ್ಮ ಕೆಲಸದ ನಡುವೆ ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್ ಮುಗಿಸಲು ಬಿಡುಗಡೆ ಮಾಡುತ್ತಾರೆ. ಎಚ್‌ಆರ್‌ನವರು ಮೊದಲನೆಯದನ್ನು ಮಾತ್ರ ಬರೆದುಕೊಡುತ್ತಾರೆ, ವಿಶ್ವವಿದ್ಯಾಲಯ ವಾಪಸ್ ಕಳಿಸುತ್ತದೆ, ಒಂದು ವರ್ಷ ಹೋಗುತ್ತದೆ. ಮೂರನ್ನೂ ನೀವೇ ಟೈಪ್ ಮಾಡಿಸಿಕೊಂಡು ಹೋಗಿ. ಬೇರೆ ಪ್ಲಾಂಟಿಗೆ ವರ್ಗವಾದರೂ ಹಳೆಯ ವಿಭಾಗದ ಕಡತ ನೋಡುವ ಅನುಮತಿ ಮುಂದುವರಿಯುತ್ತದೆ ಎಂಬ ನಾಲ್ಕನೇ ಸಾಲನ್ನು ದತ್ತಾಂಶದ ಅನುಮತಿ ಪತ್ರದಲ್ಲಿ ಸೇರಿಸಿ. ನೀವು ಅಧ್ಯಯನ ಮಾಡಲಿರುವುದೇ ಮ್ಯಾನೇಜರ್ ವರ್ಗವಾದ ಮೇಲೆ ಏನಾಗುತ್ತದೆ ಎಂಬುದನ್ನು. ಆ ಮ್ಯಾನೇಜರ್ ನೀವೇ ಆಗಿಬಿಡಬಹುದು.